ಲೋಹಮಲ ವಿಚಾರ: ಮೋಟಾರು ಗಾಡಿಯ ತುಕ್ಕೂ ಹೊಣೆಪತ್ರದ ಮಾತೂ

ಕಬ್ಬಿಣಕ್ಕೆ ಹಿಡಿಯುವ ತುಕ್ಕಿಗೆ ಅಮರಕೋಶವು ಮಂಡೂರ, ಸಿಂಹಾಣ ಎಂಬ ಹೆಸರುಗಳನ್ನು ಕೊಟ್ಟು, ಅದನ್ನು ಆ ಲೋಹದ ಮಲವೆಂದು ಹೇಳಿದೆ. ಆಯುರ್ವೇದದಲ್ಲಿ ಮಂಡೂರವು ಪಾಂಡುರೋಗಕ್ಕೆ ಕೊಡುವ ಔಷಧಗಳಲ್ಲಿ ಒಂದಾಗಿ ಪ್ರಸಿದ್ಧವಾಗಿದೆ. ಕನ್ನಡಿಗರು ತಾಮ್ರ ಹಿತ್ತಾಳೆಗಳ ವಿಷಯದಲ್ಲಿ ಕಿಲುಬೆಂದೂ ಕಬ್ಬಿಣದ ವಿಷಯದಲ್ಲಿ ತುಕ್ಕೆಂದೂ ಬೇರೆ ಬೇರೆ ಮಾತುಗಳನ್ನು ಬಳಸುತ್ತಾರೆ. ಮಲವೆಂದೊಡನೆ ಸಾಮಾನ್ಯರ ಬುದ್ಧಿಗೆ ತೋರುವ ಅರ್ಥವಾದರೋ, ಹೊರಗಿನಿಂದ ಬಂದು ಅಂಟಿಕೊಂಡದ್ದು, ತೊಳೆದರೆ ಹೋಗತಕ್ಕದ್ದು ಎಂಬುದು. ತುಕ್ಕು ಅಂತಹುದಲ್ಲ. ಅದು ಕಬ್ಬಿಣದ ಮೇಲೆ ಕುಳಿತ ಬೇರೊಂದು ವಸ್ತುವಲ್ಲದೆ, ಕಬ್ಬಿಣವೇ ರೂಪಾಂತರ ಹೊಂದಿದ ಸ್ಥಿತಿ. ಹಾಲು ಮೊಸರಾದಂತೆ ಇದು ವಿಕಾರವೇ ಹೊರತು ಲೇಪವಲ್ಲ. ತುಕ್ಕನ್ನು ಉಜ್ಜಿ ತೆಗೆದವನು ಕಬ್ಬಿಣವನ್ನೇ ಅಷ್ಟು ತೆಗೆದಂತಾಯಿತು.

ಈ ಭೇದವು ಕೇವಲ ಪಂಡಿತರ ಚರ್ಚೆಗೆ ಮೀಸಲಾದುದಲ್ಲ. ಮೋಟಾರು ಗಾಡಿಯ ತಗಡಿಗೆ ತುಕ್ಕು ಹಿಡಿದಾಗ, ಅದರ ದುರಸ್ತಿಯ ವೆಚ್ಚವನ್ನು ಒಡೆಯನು ಹೊರಬೇಕೋ, ತಯಾರಕನು ಹೊರಬೇಕೋ, ವಿಮಾ ಕಂಪೆನಿಯು ಹೊರಬೇಕೋ ಎಂಬ ವಿವಾದದಲ್ಲಿ ಮುಖ್ಯವಾದ ಪ್ರಶ್ನೆಯು ಇದೇ ಆಗಿರುತ್ತದೆ: ದೋಷವು ಹೊರಗಿನಿಂದ ಬಂದಿತೋ, ಒಳಗೇ ಹುಟ್ಟಿತೋ? ಆದುದರಿಂದ ಮೊದಲು ತುಕ್ಕಿನ ಸ್ವರೂಪವನ್ನೂ, ಬಳಿಕ ಹೊಣೆಪತ್ರಗಳ ಶಬ್ದಾರ್ಥವನ್ನೂ ವಿಚಾರಿಸುವುದು ಯುಕ್ತವಾಗಿದೆ.

ತುಕ್ಕು ಹುಟ್ಟುವುದಕ್ಕೆ ಕಬ್ಬಿಣದೊಡನೆ ನೀರೂ ಪ್ರಾಣವಾಯುವೂ ಎರಡೂ ಬೇಕು. ಒಣಗಿದ ಗಾಳಿಯಲ್ಲಾಗಲಿ, ಗಾಳಿಯ ಅಂಶವನ್ನು ಪೂರ್ತಿಯಾಗಿ ತೆಗೆದ ನೀರಿನಲ್ಲಾಗಲಿ ಕಬ್ಬಿಣವು ಬಹುಕಾಲ ಕೆಡದೆ ಇರುತ್ತದೆ. ಎರಡೂ ಸೇರಿದಾಗ ತಗಡಿನ ಒಂದು ಭಾಗದಲ್ಲಿ ಕಬ್ಬಿಣದ ಕಣಗಳು ವಿದ್ಯುತ್ಕಣಗಳನ್ನು ಬಿಟ್ಟು ನೀರಿನಲ್ಲಿ ಕರಗುವುವು. ಪಕ್ಕದ ಭಾಗದಲ್ಲಿ ಪ್ರಾಣವಾಯುವು ಆ ವಿದ್ಯುತ್ಕಣಗಳನ್ನು ಸ್ವೀಕರಿಸುವುದು. ಹೀಗೆ ತಗಡಿನ ಮೇಲೆಯೇ ಒಂದು ಸಣ್ಣ ವಿದ್ಯುತ್ಕೋಶ ಏರ್ಪಟ್ಟು, ಅದರ ಫಲವಾಗಿ ಜಲಾಂಶದಿಂದ ಕೂಡಿದ ಕೆಂಪು ಭಸ್ಮವು ಉಂಟಾಗುತ್ತದೆ. ಉಪ್ಪು ಇದರ ಸಹಕಾರಿ ಕಾರಣ. ಅದು ನೀರಿನಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವಂತೆ ಮಾಡುವುದಲ್ಲದೆ, ತೇವವನ್ನೂ ಹಿಡಿದಿಟ್ಟುಕೊಳ್ಳುವುದು. ಮಂಗಳೂರು ಉಡುಪಿಗಳ ಕಡಲ ಗಾಳಿಯಲ್ಲಿ ನಿಲ್ಲುವ ಗಾಡಿಯು ಚಿತ್ರದುರ್ಗದ ಒಣ ಸೀಮೆಯ ಗಾಡಿಗಿಂತ ಬೇಗ ಕೆಡುವುದಕ್ಕೂ, ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಕೆನಡಾ ಮೊದಲಾದ ದೇಶಗಳಲ್ಲಿ ತುಕ್ಕು ದೊಡ್ಡ ವ್ಯಾಜ್ಯಗಳ ವಿಷಯವಾದುದಕ್ಕೂ ಇದೇ ಕಾರಣ.

ಅಲ್ಯುಮಿನಿಯಮ್ಮಿನ ಭಸ್ಮವು ಬಿಗಿಯಾದ ಪೊರೆಯಾಗಿ ನಿಂತು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕಾದರೋ ಸಡಿಲವಾಗಿ ರಂಧ್ರಮಯವಾಗಿರುವುದರಿಂದ, ಕೆಳಗಿನ ಲೋಹಕ್ಕೆ ನೀರು ಗಾಳಿಗಳನ್ನು ಬಿಡುತ್ತಲೇ ಇರುತ್ತದೆ. ದೆಹಲಿಯ ಕುತುಬ್ ಆವರಣದಲ್ಲಿರುವ, ಸುಮಾರು 1600 ವರ್ಷಗಳಷ್ಟು ಹಳೆಯದಾದ ಕಬ್ಬಿಣದ ಸ್ತಂಭವು ಇದಕ್ಕೆ ಅಪವಾದದಂತೆ ತೋರುವುದು. ಅದರಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ಅದರಿಂದ ತುಕ್ಕೇ ಬಿಗಿಯಾದ ಪೊರೆಯಾಗಿ ಪರಿಣಮಿಸಿತೆಂಬುದನ್ನು ಕಾನಪುರದ ಐ.ಐ.ಟಿ.ಯ ಲೋಹಶಾಸ್ತ್ರಜ್ಞರಾದ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರಿಸಿದ್ದಾರೆ. ಒಂದು ಮಿಲಿಮೀಟರಿಗಿಂತಲೂ ತೆಳುವಾದ ಗಾಡಿಯ ತಗಡಿಗೆ ಆ ಭಾಗ್ಯವಿಲ್ಲ.

ಗಾಡಿಯಲ್ಲಿ ತುಕ್ಕು ಹುಟ್ಟುವ ಸ್ಥಾನಗಳು ಎರಡು ಬಗೆ. ಚಕ್ರದಿಂದ ಸಿಡಿದ ಕಲ್ಲು ತಾಗಿ ಬಣ್ಣ ಹಾರಿದ ಕಡೆ ಹೊರಗಿನಿಂದ ಹಿಡಿಯುವುದು ಮೊದಲನೆಯದು. ಇದು ಕೂಡಲೇ ಕಣ್ಣಿಗೆ ಬೀಳುತ್ತದೆ. ಬಾಗಿಲುಗಳ ತಳ, ಬಾಗಿಲ ಕೆಳಗಿನ ಪೊಳ್ಳು ತೊಲೆ, ಚಕ್ರದ ಕಮಾನಿನ ಒಳಮಡಿಕೆ, ಡಿಕ್ಕಿಯ ನೆಲ, ಮುಂದಿನ ಗಾಜಿನ ರಬ್ಬರಿನ ಅಡಿ ಇವುಗಳಲ್ಲಿ ನೀರು ನಿಂತು ಒಳಗಿನಿಂದ ಹಿಡಿಯುವುದು ಎರಡನೆಯದು. ಬಾಗಿಲಿನ ತಳದಲ್ಲಿ ನೀರು ಇಳಿಯಲೆಂದು ಬಿಟ್ಟಿರುವ ಸಣ್ಣ ತೂತುಗಳು ಕೆಸರಿನಿಂದ ಮುಚ್ಚಿಹೋದರೆ ಬಾಗಿಲೇ ಒಂದು ತೊಟ್ಟಿಯಾಗುವುದು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಮಡಿ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ, ಒಳಗಿನ ತುಕ್ಕು ಬಣ್ಣವನ್ನು ಮೇಲಕ್ಕೆ ತಳ್ಳಿ ಗುಳ್ಳೆಯಾಗಿ ತೋರುತ್ತದೆ. ಒಡೆಯನು ಗುಳ್ಳೆಯನ್ನು ಕಾಣುವ ವೇಳೆಗೆ ಅದರ ಹಿಂದಿನ ತಗಡು ಬಹುಪಾಲು ಸವೆದಿರುವುದುಂಟು. ಪೊಳ್ಳು ತೊಲೆಯು ಗಾಡಿಗೆ ಬೆನ್ನೆಲುಬಿನಂತಿದ್ದು, ಅಪಘಾತದಲ್ಲಿ ಪೆಟ್ಟನ್ನು ತಡೆಯತಕ್ಕ ಅಂಗವಾದುದರಿಂದ, ಅಲ್ಲಿನ ತುಕ್ಕು ಅಂದಗೇಡು ಮಾತ್ರವಲ್ಲ, ಪ್ರಾಣಾಪಾಯದ ವಿಷಯ.

ಇದನ್ನು ತಡೆಯುವ ಉಪಾಯಗಳಲ್ಲಿ ಸತುವಿನ ಲೇಪವು ಮುಖ್ಯವಾದುದು. ಗೀರು ಬಿದ್ದರೂ ಸತುವು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುವುದು. ಜರ್ಮನಿಯ ಪೋರ್ಷೆ ಸಂಸ್ಥೆಯು 1976ನೆಯ ಮಾದರಿ ವರ್ಷದಿಂದ ತನ್ನ 911 ಗಾಡಿಗೆ ಸತುವಿನಲ್ಲಿ ಅದ್ದಿದ ತಗಡನ್ನು ಬಳಸಿ, ತುಕ್ಕಿನ ವಿಷಯದಲ್ಲಿ ಆರು ವರ್ಷಗಳ ಹೊಣೆ ಹೊತ್ತಿತು. ಈಗ ಯೂರೋಪಿನ ಹಲವು ತಯಾರಕರು 12 ವರ್ಷಗಳವರೆಗೆ ಅಂತಹ ಹೊಣೆಯನ್ನು ಹೊರುತ್ತಾರೆ.

ಹಿಡಿದ ತುಕ್ಕಿಗೆ ಚಿಕಿತ್ಸೆಯೂ ಅದರ ಬಗೆಯನ್ನು ಅನುಸರಿಸಿ ಎರಡು ವಿಧವಾಗಿದೆ. ಮೇಲ್ಮೈಯ ತುಕ್ಕನ್ನು ಬಿಳಿಯ ಲೋಹ ಕಾಣುವವರೆಗೆ ಉಜ್ಜಿ, ಉಳಿದ ಕಣಗಳನ್ನು ಆಮ್ಲದಿಂದ ಪರಿವರ್ತಿಸಿ, ಪ್ರೈಮರ್ ಹಚ್ಚಿ ಬಣ್ಣ ಬಳಿಯಬೇಕು. ಈ ಪರಿವರ್ತಕಗಳಲ್ಲಿ ಟ್ಯಾನಿಕ್ ಆಮ್ಲವುಳ್ಳವು ತುಕ್ಕನ್ನು ಕಪ್ಪಾದ ಸ್ಥಿರವಸ್ತುವಾಗಿ ಮಾಡುವುವು; ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿ ಮಸಿಯಾಗುವುದೂ ಇದೇ ಕ್ರಿಯೆಯಿಂದಲೇ. ಆದರೆ ತೂತು ಬಿದ್ದ ತಗಡಿಗೆ ಇದು ಸಾಲದು. ಕೊಳೆತ ಭಾಗವನ್ನು ಗಟ್ಟಿಯಾದ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ತಗಡನ್ನು ಬೆಸೆದು, ಒಳಮುಖಕ್ಕೂ ಮೇಣದ ಲೇಪ ಕೊಡಬೇಕು. ತೂತಿನ ಮೇಲೆ ಪಟ್ಟಿ ಮೆತ್ತಿ ಬಣ್ಣ ಹೊಡೆಯುವುದು ಚಿಕಿತ್ಸೆಯಲ್ಲ, ಮುಚ್ಚುಮರೆ. ಅದರ ಹಿಂದೆ ನೀರು ತನ್ನ ಕೆಲಸವನ್ನು ಮುಂದುವರಿಸುತ್ತಲೇ ಇರುತ್ತದೆ.

ಇನ್ನು ವಾರಂಟಿಯೆಂದು ಬಳಕೆಯಲ್ಲಿರುವ ತಯಾರಕರ ಹೊಣೆಪತ್ರದ ಮಾತು. ಒಡೆಯನು ಅದರಲ್ಲಿ ‘ತುಕ್ಕು, 12 ವರ್ಷ’ ಎಂಬುದನ್ನು ಓದಿ ತುಕ್ಕೆಲ್ಲವೂ ಅದರಲ್ಲಿ ಅಡಕವಾಯಿತೆಂದು ತಿಳಿಯುತ್ತಾನೆ. ಆದರೆ ದೀರ್ಘಾವಧಿಯ ಹೊಣೆಪತ್ರಗಳ ಸಾಮಾನ್ಯವಾದ ಒಕ್ಕಣೆಯಲ್ಲಿ ಹೊಣೆಯಿರುವುದು ತುಕ್ಕಿಗಲ್ಲ, ತುಕ್ಕಿನಿಂದ ಒಳಗಿನಿಂದ ಹೊರಕ್ಕೆ ಬಿದ್ದ ತೂತಿಗೆ. ಇಲ್ಲಿ ವಿಶೇಷಣಗಳು ಎರಡು: ತಗಡು ಪೂರ್ತಿಯಾಗಿ ಭೇದಿಸಿರಬೇಕು, ಭೇದವು ಒಳಗಿನಿಂದ ಆರಂಭವಾಗಿರಬೇಕು. ಮೇಲ್ಮೈಯ ತುಕ್ಕು ಬಣ್ಣದ ಹೊಣೆಗೆ ಸೇರಿದುದು. ಅದರ ಅವಧಿಯು ಸಾಮಾನ್ಯವಾಗಿ ಎರಡು ಮೂರು ವರ್ಷ ಮಾತ್ರ. ಕಲ್ಲಿನ ಪೆಟ್ಟು, ಅಪಘಾತ, ಬೇರೆಡೆ ಮಾಡಿಸಿದ ಕೆಟ್ಟ ದುರಸ್ತಿ, ಒಡೆಯನ ಅಲಕ್ಷ್ಯ ಇವು ಅಪವಾದಗಳು. ಹೀಗಿರಲು ಒಡೆಯನ ಸ್ಥಿತಿಯು ಉಭಯತಃಪಾಶರಜ್ಜು ನ್ಯಾಯಕ್ಕೆ ನಿದರ್ಶನವಾಗುತ್ತದೆ. ಗುಳ್ಳೆ ಎದ್ದಾಗಲೇ ಹೋದರೆ ತೂತು ಬಿದ್ದಿಲ್ಲವೆಂಬ ಉತ್ತರ; ತೂತು ಬೀಳುವವರೆಗೆ ಕಾದರೆ ಅಲಕ್ಷ್ಯ ಮಾಡಿದನೆಂಬ ಆಕ್ಷೇಪ.

ತೂತೆಂದರೆ ಎಷ್ಟು ದೊಡ್ಡದು ಎಂಬುದೂ ವಿವಾದಕ್ಕೆ ಬರುವ ಮಾತೇ. ಅಮೆರಿಕದಲ್ಲಿ ಟೊಯೋಟಾ ಸಂಸ್ಥೆಯ ಟಕೋಮ ಮೊದಲಾದ ಗಾಡಿಗಳ ಅಡಿಚೌಕಟ್ಟಿಗೆ ತುಕ್ಕು ಹಿಡಿದ ವಿಷಯದಲ್ಲಿ ಒಡೆಯರು ಹೂಡಿದ ಸಾಮೂಹಿಕ ವ್ಯಾಜ್ಯವು 2016ರಲ್ಲಿ ರಾಜಿಗೆ ಬಂದಿತು. ಸಂಸ್ಥೆಯು ತಪ್ಪನ್ನು ಒಪ್ಪಿಕೊಳ್ಳದೆ, ಸುಮಾರು 15 ಲಕ್ಷ ಗಾಡಿಗಳ ಪರೀಕ್ಷೆಗೂ, ಕೆಟ್ಟ ಚೌಕಟ್ಟುಗಳನ್ನು ಬದಲಿಸಿಕೊಡುವುದಕ್ಕೂ ಸಮ್ಮತಿಸಿತು. ಇದರ ಒಟ್ಟು ಮೌಲ್ಯವನ್ನು 340 ಕೋಟಿ ಡಾಲರುಗಳವರೆಗೆ ಅಂದಾಜು ಮಾಡಲಾಗಿತ್ತು. ಬದಲಾವಣೆಗೆ ಅರ್ಹತೆಯನ್ನು 10 ಮಿಲಿಮೀಟರು ಅಥವಾ ಅದಕ್ಕಿಂತ ದೊಡ್ಡ ತೂತೆಂದು ನಿರ್ದೇಶಿಸಿದರು. ಇಷ್ಟು ಕೋಟಿಗಳ ವ್ಯವಹಾರವು ಕೊನೆಗೆ ಒಂದು ಶಬ್ದದ ಲಕ್ಷಣದ ಮೇಲೆ ನಿಂತುದು ಗಮನಾರ್ಹವಾಗಿದೆ.

ವಿಮೆಯ ವಿಷಯವು ಇದಕ್ಕಿಂತ ಬೇರೆ. ಭಾರತದಲ್ಲಿ 2002ರ ಮೋಟಾರ್ ಟ್ಯಾರಿಫಿನಿಂದ ರೂಢಿಗೆ ಬಂದ ವಿಮಾಪತ್ರದ ಒಕ್ಕಣೆಯಲ್ಲಿ ಬೆಂಕಿ, ಸಿಡಿಲು, ಕಳ್ಳತನ, ದೊಂಬಿ, ಭೂಕಂಪ, ಪ್ರವಾಹ, ಬಿರುಗಾಳಿ, ಬಾಹ್ಯಕಾರಣದ ಅಪಘಾತ ಮುಂತಾದ ವಿಪತ್ತುಗಳನ್ನು ಹೆಸರಿಸಿದೆ. ಸವಕಳಿ, ಬಳಕೆಯ ಜೀರ್ಣತೆ ಇವುಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಮೆಲ್ಲಮೆಲ್ಲನೆ ಹಿಡಿದ ತುಕ್ಕು ಜೀರ್ಣತೆಯ ವರ್ಗಕ್ಕೆ ಸೇರುವುದರಿಂದ ಅದಕ್ಕೆ ಪರಿಹಾರವಿಲ್ಲ. ಡಿಕ್ಕಿಯಾಗಿ ಕೆಟ್ಟ ತಗಡಿಗೆ ಪರಿಹಾರವುಂಟು. ಅದರಲ್ಲಿಯೂ ಲೋಹದ ಭಾಗಗಳಿಗೆ ಗಾಡಿಯ ವಯಸ್ಸನ್ನು ಅನುಸರಿಸಿ, ಮೊದಲ ಆರು ತಿಂಗಳು ಏನೂ ಇಲ್ಲದೆ, ಹತ್ತು ವರ್ಷ ಮೀರಿದ ಮೇಲೆ ನೂರಕ್ಕೆ 50ರವರೆಗೆ ಸವಕಳಿ ಕಳೆಯುವ ಪದ್ಧತಿಯಿದೆ. ಈ ಕಡಿತವನ್ನು ತಪ್ಪಿಸುವ ‘ಜೀರೋ ಡೆಪ್ರಿಸಿಯೇಷನ್’ ಎಂಬ ಹೆಚ್ಚುವರಿ ರಕ್ಷಣೆಯು ತುಕ್ಕನ್ನು ವಿಪತ್ತುಗಳ ಪಟ್ಟಿಗೆ ಸೇರಿಸುವುದಿಲ್ಲ. ಪ್ರವಾಹದಲ್ಲಿ ಮುಳುಗಿದ ಗಾಡಿಯಾದರೆ, ನೀರಿಳಿದೊಡನೆ ವಿಮಾ ಕಂಪೆನಿಗೆ ತಿಳಿಸಿ ತೊಳೆದು ಒಣಗಿಸುವ ಕೆಲಸವನ್ನು ಮಾಡಿಸಬೇಕು. ತಿಂಗಳುಗಳ ಮೇಲೆ ಕಂಡ ತುಕ್ಕನ್ನು ಪ್ರವಾಹದ ಫಲವೆಂದು ಸಾಧಿಸುವುದು ಕಷ್ಟ.

ಶಬ್ದದ ಅರ್ಥದಲ್ಲಿ ಸಂದೇಹ ಬಂದಾಗ ಯಾರ ಪಕ್ಷಕ್ಕೆ ನಿರ್ಣಯ? 2004ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಎರಡು ತೀರ್ಪುಗಳು ಇಲ್ಲಿ ಮಾರ್ಗದರ್ಶಕವಾಗಿವೆ. ಪುಷ್ಪಾಲಯ ಪ್ರಿಂಟರ್ಸ್ ಪ್ರಕರಣದಲ್ಲಿ ಬುಲ್ಡೋಜರಿನ ಕಂಪನದಿಂದ ಕಟ್ಟಡಕ್ಕೆ ಹಾನಿಯಾಗಿತ್ತು. ಯಂತ್ರವು ಗೋಡೆಯನ್ನು ಮುಟ್ಟಿರಲಿಲ್ಲ. ವಿಮಾಪತ್ರದಲ್ಲಿದ್ದ ವಾಹನದ ‘ಇಂಪ್ಯಾಕ್ಟ್’ ಎಂಬ ಶಬ್ದವನ್ನು ಸ್ಪರ್ಶಕ್ಕೆ ಮಾತ್ರ ಸಂಕೋಚಿಸಲಾಗದೆಂದೂ, ಸಂದಿಗ್ಧವಾದ ಮಾತನ್ನು ವಿಮೆ ಮಾಡಿಸಿದವನಿಗೆ ಅನುಕೂಲವಾಗಿ ಅರ್ಥೈಸಬೇಕೆಂದೂ ನ್ಯಾಯಾಲಯವು ನಿರ್ಣಯಿಸಿತು. ಹರಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿಯಾದರೋ, ಕನ್ನಗಳವಿಗೆ ಬಲಪ್ರಯೋಗವಿರಬೇಕೆಂದು ಪತ್ರವೇ ಸ್ಪಷ್ಟವಾಗಿ ಹೇಳಿದ್ದುದರಿಂದ, ಬಲಪ್ರಯೋಗವಿಲ್ಲದ ಕಳವಿಗೆ ಪರಿಹಾರವಿಲ್ಲವೆಂದಿತು. ಎರಡನ್ನೂ ಸೇರಿಸಿ ಓದಿದರೆ ಮೀಮಾಂಸಕರಿಗೆ ಪರಿಚಿತವಾದ ವ್ಯವಸ್ಥೆಯೇ ತೋರುತ್ತದೆ: ಶ್ರುತಿಯು ಸ್ಪಷ್ಟವಾಗಿರುವಲ್ಲಿ ಅದೇ ಪ್ರಮಾಣ, ಸಂದೇಹವಿರುವಲ್ಲಿ ಮಾತ್ರ ವ್ಯಾಖ್ಯಾನಕ್ಕೆ ಅವಕಾಶ, ಮತ್ತು ಆ ಸಂದೇಹದ ಭಾರ ಪತ್ರವನ್ನು ಬರೆದವನ ಮೇಲೆ. ‘ತೂತು’ ಎಂಬುದರ ಅಳತೆಯನ್ನು ತಯಾರಕನು ತನ್ನ ಪತ್ರದಲ್ಲಿ ಹೇಳದಿದ್ದಲ್ಲಿ, ಸಣ್ಣದೆಂಬ ನೆಪದಿಂದ ನಿರಾಕರಿಸುವುದನ್ನು ಈ ತತ್ತ್ವದ ಆಧಾರದಿಂದ ಪ್ರಶ್ನಿಸಬಹುದು.

ಆದಕಾರಣ ಮೇಲೆ ಹೇಳಿದ ಎರಡು ಕುಣಿಕೆಗಳಿಂದ ಬಿಡಿಸಿಕೊಳ್ಳುವ ದಾರಿಯು ದಾಖಲೆಯೇ. ಗುಳ್ಳೆ ಕಂಡೊಡನೆ ತಾರೀಖಿನೊಡನೆ ಛಾಯಾಚಿತ್ರ ತೆಗೆದು, ಅಧಿಕೃತ ಕಾರ್ಖಾನೆಗೆ ತೋರಿಸಿ, ಸೇವಾಪುಸ್ತಕದಲ್ಲಿ ಬರೆಯಿಸಬೇಕು. ಆ ದಿನ ಹೊಣೆಯನ್ನು ಒಪ್ಪದಿದ್ದರೂ, ಮುಂದೆ ಅದೇ ಸ್ಥಳದಲ್ಲಿ ತೂತು ಬಿದ್ದಾಗ ಅಲಕ್ಷ್ಯದ ಆಕ್ಷೇಪಕ್ಕೆ ಈ ಬರಹವೇ ಉತ್ತರವಾಗುವುದು. ಹೊಣೆಪತ್ರದಲ್ಲಿ ವಾರ್ಷಿಕ ಪರೀಕ್ಷೆಯನ್ನು ವಿಧಿಸಿದ್ದರೆ ಅದನ್ನು ತಪ್ಪಿಸಬಾರದು. ಒಳಗಿನ ತುಕ್ಕಿನ ಗುರುತುಗಳು ಅಳಿದುಹೋಗುವುದರಿಂದ, ನಿರ್ಣಯವಾಗುವ ಮೊದಲು ಬೇರೊಬ್ಬರಿಂದ ಉಜ್ಜಿಸುವುದಾಗಲಿ ಬಣ್ಣ ಹೊಡೆಯಿಸುವುದಾಗಲಿ ಸಲ್ಲದು. ನಿರಾಕರಿಸಿದರೆ ಯಾವ ಷರತ್ತಿನ ಆಧಾರದಿಂದ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ಅದರ ಮೇಲೂ ನ್ಯಾಯ ದೊರೆಯದಿದ್ದರೆ ತಯಾರಕನ ವಿರುದ್ಧ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಕಾರಣ ಒದಗಿದ ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಪರೀಕ್ಷೆಯಿಲ್ಲದೆ ದೋಷವನ್ನು ತಿಳಿಯಲಾಗದಿದ್ದರೆ ವಸ್ತುವನ್ನು ಪ್ರಯೋಗಶಾಲೆಗೆ ಕಳುಹಿಸುವ ಅಧಿಕಾರವು ಆಯೋಗಕ್ಕಿದೆ. ವಿಮೆಯ ವಿವಾದವಾದರೆ, ಕಂಪೆನಿಗೆ ಬರೆದು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದಾಗ ಅಥವಾ ಬಂದ ಉತ್ತರವು ಸಮರ್ಪಕವಲ್ಲದಾಗ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬೆಂಗಳೂರಿನಲ್ಲಿ ಅವರ ಕಚೇರಿಯಿದೆ.

ಒಟ್ಟಿನಲ್ಲಿ ಗಾಡಿಯ ತಗಡನ್ನು ತಿನ್ನುವುದು ನೀರಾದರೂ, ಒಡೆಯನ ಹಣವನ್ನು ತಿನ್ನುವುದು ಬಹುಮಟ್ಟಿಗೆ ಓದದೆ ಬಿಟ್ಟ ಮಾತು. ತುಕ್ಕನ್ನು ಮೇಲಿನ ಕೊಳೆಯೆಂದು ತಿಳಿದವನು ಅದಕ್ಕೆ ಬಣ್ಣ ಬಳಿದು ಸಾಕ್ಷ್ಯವನ್ನೂ ತಗಡನ್ನೂ ಒಟ್ಟಿಗೆ ಕಳೆದುಕೊಳ್ಳುತ್ತಾನೆ. ಅದು ಒಳಗಿನ ವಿಕಾರವೆಂದು ತಿಳಿದವನು ಮೊದಲ ಗುಳ್ಳೆಯ ದಿನವೇ ಬಾಗಿಲ ತಳದ ತೂತುಗಳನ್ನು ಬಿಡಿಸಿ, ಹೊಣೆಪತ್ರವನ್ನು ಪೆಟ್ಟಿಗೆಯಿಂದ ಹೊರತೆಗೆದು ಓದುತ್ತಾನೆ.