ಒಂದು ಒಣದ್ರಾಕ್ಷಿಯೂ ಮನಸ್ಸಿನ ಸಮಾಧಾನವೂ

ವಿಜಯಪುರದ ಸುತ್ತಲಿನ ತಿಕೋಟಾ ಮತ್ತು ಬಬಲೇಶ್ವರ ಸೀಮೆಗಳು ದ್ರಾಕ್ಷಿಯ ತೋಟಗಳಿಂದ ಹೆಸರಾದವುಗಳೆಂಬುದು ವಾಚಕರಿಗೆಲ್ಲ ತಿಳಿದ ಸಂಗತಿಯೇ. ಬೇಸಗೆಯ ಮೊದಲಿನಲ್ಲಿ ಗೊಂಚಲುಗಳನ್ನು ಕೊಯ್ದು, ಶೆಡ್ಡುಗಳೊಳಗಿನ ಬಲೆಗಳ ಮೇಲೆ ಹರಡಿ, ಸುಮಾರು ಎರಡು ವಾರ ಗಾಳಿಗೆ ಒಣಗಿಸುವರು. ಆ ದಿನಗಳಲ್ಲಿ ಅಕಾಲದ ಮಳೆಯು ಬಂದರೆ ವರ್ಷದ ದುಡಿಮೆಯು ಕೆಟ್ಟುಹೋಗುವುದು. ಆಗ ತಂದೆಯು ಮಾತು ಬಿಡುವನು. ತಾಯಿಯ ಸಿಟ್ಟು ಮಕ್ಕಳ ಮೇಲೆ ತಿರುಗುವುದು. ಪರೀಕ್ಷೆಗೆ ಕೂಡ್ರಬೇಕಾದ ಹುಡುಗಿಯು ಪುಸ್ತಕದ ಒಂದೇ ಸಾಲನ್ನು ಹತ್ತು ಸಾರಿ ಓದುವಳು. ಇಂಥ ಮನೆಗಳಿಗೆ ಉಪಯೋಗವಾಗತಕ್ಕ ಒಂದು ವಿಷಯವನ್ನು ಇಲ್ಲಿ ವಿವರಿಸಲಿಚ್ಛಿಸುತ್ತೇವೆ.

1979ನೆಯ ಇಸವಿಯಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಟ್-ಜಿನ್ ಎಂಬವರು, ಬಹುಕಾಲದ ನೋವಿನಿಂದಲೂ ಚಿಂತೆಯಿಂದಲೂ ಬಳಲುವ ರೋಗಿಗಳಿಗೆಂದು ಒಂದು ಶಿಕ್ಷಣಕ್ರಮವನ್ನು ಆರಂಭಿಸಿದರು. ಎಂಟು ವಾರಗಳ ಈ ಕ್ರಮದಲ್ಲಿ ಬೌದ್ಧರ ಧ್ಯಾನವೂ ನಮ್ಮ ದೇಶದ ಹಠಯೋಗವೂ ಕೂಡಿಕೊಂಡಿವೆ. ಅಲ್ಲಿ ಕಲಿಸುವ ಗುಣಕ್ಕೆ ಮೈಂಡ್‌ಫುಲ್‌ನೆಸ್ ಎಂದು ಹೆಸರು. ನಾವು ಅದನ್ನು ಸಾವಧಾನವೆಂದು ಕರೆಯೋಣ. ಆ ಕ್ರಮದ ಮೊದಲನೆಯ ಪಾಠವು ನಮ್ಮ ಸೀಮೆಯವರಿಗೆ ಆಶ್ಚರ್ಯವನ್ನುಂಟುಮಾಡದಿರದು. ಅದು ಒಂದೇ ಒಂದು ಒಣದ್ರಾಕ್ಷಿಯನ್ನು ತಿನ್ನುವುದು! ಅದನ್ನು ಅಂಗೈಯಲ್ಲಿಟ್ಟು ನೋಡಬೇಕು, ಅದರ ನಿರಿಗೆಗಳನ್ನು ಮುಟ್ಟಬೇಕು, ವಾಸನೆಯನ್ನು ತಿಳಿಯಬೇಕು, ಬಳಿಕ ಮೆಲ್ಲನೆ ಅಗಿಯಬೇಕು. ಮನಸ್ಸು ಬೇರೆಡೆಗೆ ಓಡಿದರೆ ಅದನ್ನು ಗದರಿಸದೆ ಹಿಂದಕ್ಕೆ ಕರೆತರಬೇಕು.

ಇದರಿಂದೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಸಿಟ್ಟಾಗಲಿ ಭಯವಾಗಲಿ ಬಂದಾಗ ಎದೆಯ ಬಡಿತವು ಹೆಚ್ಚುವುದು, ಉಸಿರು ಗಿಡ್ಡವಾಗುವುದು, ಮಾತು ಬಾಯಿಂದ ಹಾರಿಹೋಗುವುದು. ಇದೆಲ್ಲವೂ ನಮಗೆ ಅರಿವಾಗುವುದರೊಳಗೆ ನಡೆದುಹೋಗುವುದರಿಂದಲೇ ಕೇಡಾಗುವುದು. “ನನಗೆ ಈಗ ಸಿಟ್ಟು ಬಂದಿದೆ” ಎಂದು ಕಾಣಬಲ್ಲವಳಿಗೆ ಸಿಟ್ಟಿಗೂ ಮಾತಿಗೂ ನಡುವೆ ಕೊಂಚ ಎಡೆ ದೊರೆಯುವುದು. ಉಸಿರನ್ನು ನಿಧಾನವಾಗಿ ಹೊರಬಿಡುವಾಗ ಎದೆಬಡಿತವನ್ನು ತಗ್ಗಿಸುವ ನರಗಳು ಕೆಲಸಮಾಡುವವಾದ್ದರಿಂದ, ಶರೀರವೂ ಆಕೆಗೆ ಸಹಾಯಮಾಡುವುದು.

ನಮ್ಮ ಹಿರಿಯರಿಗೆ ಇದು ಹೊಸದಲ್ಲ. ಪತಂಜಲಿಯ ಯೋಗದಲ್ಲಿ ಆಸನವು ಎಂಟು ಅಂಗಗಳಲ್ಲಿ ಒಂದು ಮಾತ್ರವೇ. ಉದ್ದೇಶವು ಮನಸ್ಸಿನ ಅಲೆಗಳು ಶಾಂತವಾಗುವುದು. ಅದಕ್ಕಾಗಿ ಆತನು ಮೈತ್ರಿ, ಕರುಣೆ, ಸಂತೋಷ, ಉಪೇಕ್ಷೆ ಎಂಬ ನಾಲ್ಕು ಭಾವಗಳನ್ನು ಬೆಳೆಯಿಸಿಕೊಳ್ಳಲು ಹೇಳಿರುವನು. ನೆರೆಯವಳ ಬೆಳೆ ಉಳಿದು ನಮ್ಮದು ಹಾಳಾದಾಗ ಹೊಟ್ಟೆಯುರಿಯ ಬದಲಿಗೆ ಮೈತ್ರಿಯನ್ನು ತಂದುಕೊಳ್ಳುವುದು ಯಾವ ಆಸನಕ್ಕಿಂತಲೂ ಕಠಿನವಾದ ಯೋಗವಲ್ಲವೇ?

ತಿಕೋಟಾ ತಾಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ಮಲ್ಲಿಕಾರ್ಜುನ ಸ್ವಾಮಿಗಳ ಶಿಷ್ಯರಾಗಿ ಬೆಳೆದ ಸಿದ್ಧೇಶ್ವರ ಸ್ವಾಮಿಗಳನ್ನು ಇಲ್ಲಿ ಸ್ಮರಿಸದಿರಲಾರೆವು. ಅವರ ಮುಂಜಾವಿನ ಪ್ರವಚನಗಳಲ್ಲಿ ಸಾವಿರಾರು ಜನರು ಗದ್ದಲವಿಲ್ಲದೆ ಕುಳಿತಿರುತ್ತಿದ್ದರು. ಜೇಬಿಲ್ಲದ ಅಂಗಿಯನ್ನು ತೊಡುತ್ತಿದ್ದ ಅವರು 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ದೇಹಬಿಟ್ಟ ಅವರು, ತಮಗೆ ಸ್ಮಾರಕವನ್ನು ಕಟ್ಟಬಾರದೆಂದು 2014ರಲ್ಲಿಯೇ ಬರೆದಿಟ್ಟಿದ್ದರು. ಬಂದುದನ್ನು ಬಿಗಿಹಿಡಿಯದೆ ಬಿಟ್ಟುಕೊಡಬಲ್ಲ ಮನಸ್ಸು ಎಂತಹದೆಂಬುದಕ್ಕೆ ನಮ್ಮ ನೆಲದಲ್ಲಿಯೇ ಇದೊಂದು ನಿದರ್ಶನವು.

ಈಗ ಮಾತಾಪಿತೃಗಳಿಗೆ ಒಂದು ಮಾತು. ಬ್ರಿಟನ್ನಿನ 85 ಶಾಲೆಗಳಲ್ಲಿ 8,000ಕ್ಕೂ ಮೀರಿದ ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಒಂದು ಪರೀಕ್ಷಣದಲ್ಲಿ, ತರಗತಿಯಲ್ಲಿ ಎಲ್ಲರಿಗೂ ಸಾವಧಾನವನ್ನು ಕಲಿಸಿದುದರಿಂದ ಮಕ್ಕಳ ಮನಃಸ್ಥಿತಿಯು ಹೆಚ್ಚು ಸುಧಾರಿಸಿದ್ದು ಕಂಡುಬರಲಿಲ್ಲ. ಬಹಳ ಮಕ್ಕಳು ಮನೆಯಲ್ಲಿ ಅದನ್ನು ಅಭ್ಯಾಸಮಾಡಿರಲೂ ಇಲ್ಲ. ಆದುದರಿಂದ ಇದನ್ನು ಮಗಳ ಮೇಲೆ ಮತ್ತೊಂದು ಪಾಠವಾಗಿ ಹೇರಬಾರದು. ಹಿರಿಯರು ತಾವೇ ಮೊದಲು ಮಾಡಬೇಕು. ದಿನಾಲು ಒಂದೇ ಹೊತ್ತಿಗೆ ಬೆನ್ನು ನೆಟ್ಟಗೆ ಮಾಡಿ ಕುಳಿತು, ಉಸಿರು ಬರುವುದನ್ನೂ ಹೋಗುವುದನ್ನೂ ಹತ್ತು ನಿಮಿಷ ಗಮನಿಸಿದರೆ ಸಾಕು. ಪ್ರಾರ್ಥಿಸುವ ಮನೆಗಳಲ್ಲಿ ಪ್ರಾರ್ಥನೆಗೆ ಮುಂಚಿನ ಮೌನವೇ ಇದಕ್ಕೆ ತಕ್ಕ ವೇಳೆಯು.

ಆದರೆ ಇದು ಎಲ್ಲಕ್ಕೂ ಮದ್ದಲ್ಲವೆಂಬುದನ್ನು ಮರೆಯಬಾರದು. ಕಣ್ಣುಮುಚ್ಚಿ ಕುಳಿತಾಗ ಹಳೆಯ ದುಃಖಗಳು ಮೇಲೆದ್ದು ಪೀಡಿಸಿದರೆ, ಅಭ್ಯಾಸವನ್ನು ನಿಲ್ಲಿಸಿ ಎದ್ದು ನಡೆದಾಡುವುದೇ ಒಳ್ಳೆಯದು. ವಾರಗಟ್ಟಲೆ ನಿದ್ರೆಯೂ ಹಸಿವೂ ಇಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ, ತಡಮಾಡದೆ ವೈದ್ಯರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಯೋಗವನ್ನು ಚಿಕಿತ್ಸೆಯ ಜತೆಗೆ ಕೊಡುವರಲ್ಲದೆ ಚಿಕಿತ್ಸೆಯ ಬದಲಿಗಲ್ಲ. ಸರಕಾರದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಪ್ರಿಯ ಸಹೋದರಿಯರೇ, ಅಕಾಲದ ಮಳೆಯನ್ನು ನಾವು ತಡೆಯಲಾರೆವು. ಆದರೆ ಅದು ಸುರಿದ ಸಂಜೆ ಮಗಳೊಡನೆ ಆಡುವ ಮೊದಲನೆಯ ಮಾತು ನಮ್ಮ ವಶದಲ್ಲಿರುವುದು. ಅದಕ್ಕೆ ಮುಂಚೆ ಒಂದು ಉಸಿರನ್ನು ನಿಧಾನವಾಗಿ ಬಿಡುವುದಕ್ಕೆ ಕಲಿತೆವಾದರೆ, ಬೆಳೆಯು ಕೆಟ್ಟರೂ ಮನೆಯು ಕೆಡದೆ ಉಳಿದೀತು.