ಪ್ರತಿನಿಧಿ ಶಬ್ದಾರ್ಥ ವಿಚಾರ: ಹದಿನೆಂಟನೆಯ ಶತಮಾನದ ಆಂಗ್ಲದೇಶದಲ್ಲಿ ಪಾರ್ಲಿಮೆಂಟಿನ ಸಂಸ್ಕರಣ ಪ್ರಯತ್ನಗಳು

‘ಪ್ರತಿನಿಧಿ’ ಎಂಬ ಶಬ್ದವು ರಾಜಕೀಯ ವ್ಯವಹಾರಕ್ಕೆ ಬರುವುದಕ್ಕೆ ಬಹು ಪೂರ್ವದಲ್ಲಿಯೇ ಶಾಸ್ತ್ರದಲ್ಲಿ ರೂಢವಾಗಿದ್ದಿತು. ವ್ರೀಹಿಯು ದೊರೆಯದಿದ್ದಾಗ ನೀವಾರವನ್ನು ಗ್ರಹಿಸಿ ಯಾಗವನ್ನು ಪೂರೈಸಬಹುದೆಂದೂ, ಹಾಗೆ ಗ್ರಹಿಸುವ ದ್ರವ್ಯವು ಮುಖ್ಯದ್ರವ್ಯಕ್ಕೆ ಸದೃಶವಾಗಿರಬೇಕೆಂದೂ ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ನಿರ್ಣಯಿಸಿದೆ. ಆದರೆ ಯಾಗದ ಸ್ವಾಮಿಯಾದ ಯಜಮಾನನಿಗೆ ಪ್ರತಿನಿಧಿಯಿಲ್ಲ. ಕರ್ಮದ ಫಲವು ಅವನಿಗೇ ಸೇರತಕ್ಕುದಾದುದರಿಂದ ಅವನ ಸ್ಥಾನದಲ್ಲಿ ಮತ್ತೊಬ್ಬನನ್ನು ನಿಲ್ಲಿಸಲಾಗದು. ಇಲ್ಲಿ ಮೂರು ಪ್ರಶ್ನೆಗಳು ಅಡಗಿವೆ: ಸ್ವಾಮಿಯು ಯಾರು? ಪ್ರತಿನಿಧಿಯು ಯಾವುದಕ್ಕೆ? ಸಾದೃಶ್ಯವು ಎಂತಹುದು? ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಆಂಗ್ಲದೇಶದ ಪಾರ್ಲಿಮೆಂಟನ್ನು ಕುರಿತು ಎದ್ದ ಮಹಾವಿವಾದವು ಈ ಮೂರು ಪ್ರಶ್ನೆಗಳನ್ನೇ ಬೇರೊಂದು ರಂಗದಲ್ಲಿ ಎತ್ತಿತೆಂದರೆ ತಪ್ಪಾಗದು. ನಮ್ಮ ಭಾಷೆಯು ಆ ವಿವಾದದ ಮುಖ್ಯಶಬ್ದವನ್ನು ಇದೇ ಪದದಿಂದ ಅನುವಾದಿಸಿಕೊಂಡಿರುವುದರಿಂದ, ಅದರ ಇತಿಹಾಸವನ್ನು ತಿಳಿಯುವುದು ಪದದ ಅರ್ಥನಿರ್ಣಯಕ್ಕೂ ಉಪಕಾರಕವು.

ಮೊದಲು ಆಗಿನ ಕಾಮನ್ಸ್ ಸಭೆಯ ಸ್ವರೂಪವನ್ನು ನೋಡಬೇಕು. ೧೭೦೭ರಲ್ಲಿ ಸ್ಕಾಟ್ಲೆಂಡು ಇಂಗ್ಲೆಂಡಿನೊಡನೆ ಸೇರಿದ ಬಳಿಕ ಸಭಾಸದರ ಸಂಖ್ಯೆಯು ೫೫೮ ಆಗಿದ್ದಿತು. ಇವರಲ್ಲಿ ಇಂಗ್ಲೆಂಡಿನವರು ೪೮೯, ವೇಲ್ಸಿನವರು ೨೪, ಸ್ಕಾಟ್ಲೆಂಡಿನವರು ೪೫ ಮಂದಿ. ಇಂಗ್ಲೆಂಡಿನ ನಾಲ್ವತ್ತು ಕೌಂಟಿಗಳು, ಎಂದರೆ ಜಿಲ್ಲೆಗಳು, ತಲೆಗೆ ಇಬ್ಬಿಬ್ಬರನ್ನು ಕಳುಹಿಸುತ್ತಿದ್ದುವು. ಅತಿ ವಿಸ್ತಾರವಾದ ಯಾರ್ಕ್‌ಷೈರಿಗೂ ಇಬ್ಬರು, ಅತಿ ಚಿಕ್ಕದಾದ ರಟ್ಲೆಂಡಿಗೂ ಇಬ್ಬರು. ಕೌಂಟಿಗಳಲ್ಲಿ ವರ್ಷಕ್ಕೆ ನಾಲ್ವತ್ತು ಷಿಲ್ಲಿಂಗು ಹುಟ್ಟುವಳಿಯುಳ್ಳ ಸ್ವಂತ ಭೂಮಿಯಿದ್ದವನಿಗೆ ಮಾತ್ರ ಮತಾಧಿಕಾರವಿದ್ದಿತು. ಇದು ಹದಿನೈದನೆಯ ಶತಮಾನದಲ್ಲಿ ಏರ್ಪಟ್ಟ ಕಟ್ಟಳೆ. ಉಳಿದ ಸ್ಥಾನಗಳಲ್ಲಿ ಬಹುಭಾಗವು ‘ಬರೊ’ ಎಂಬ ಪಟ್ಟಣಕ್ಷೇತ್ರಗಳಿಗೆ ಸೇರಿದುವು. ಅವುಗಳಲ್ಲಿ ಮತಾಧಿಕಾರದ ನಿಯಮವು ಊರಿಗೊಂದು ಬಗೆ: ಒಂದೆಡೆ ತೆರಿಗೆ ಕೊಡುವ ಗೃಹಸ್ಥರೆಲ್ಲರೂ ಮತದಾರರು, ಮತ್ತೊಂದೆಡೆ ಪುರಸಭೆಯ ಕೆಲವರೇ ಮತದಾರರು, ಇನ್ನೊಂದೆಡೆ ಕೆಲವು ನಿವೇಶನಗಳ ಒಡೆತನವೇ ಮತ. ಮತವನ್ನು ಬಹಿರಂಗವಾಗಿ ಹೇಳಬೇಕಾಗಿದ್ದುದರಿಂದ, ಒಕ್ಕಲು ಯಾರಿಗೆ ಮತ ಕೊಟ್ಟನೆಂಬುದು ಧಣಿಗೆ ಕೂಡಲೇ ತಿಳಿಯುತ್ತಿದ್ದಿತು.

ಶತಮಾನಗಳು ಕಳೆದಂತೆ ಜನರು ಸ್ಥಳಾಂತರವನ್ನು ಹೊಂದಿದರು. ಪೀಠಗಳು ಮಾತ್ರ ಇದ್ದಲ್ಲಿಯೇ ಇದ್ದುವು. ಓಲ್ಡ್ ಸೇರಮ್ ಎಂಬುದು ನಿವಾಸಿಗಳಿಲ್ಲದ ಹಾಳು ದಿಬ್ಬ. ಅದಕ್ಕೆ ಇಬ್ಬರು ಸಭಾಸದರು. ಡನ್‌ವಿಚ್ ಎಂಬ ಬಂದರಿನ ಬಹುಭಾಗವನ್ನು ಸಮುದ್ರವು ನುಂಗಿದ್ದಿತು, ಅದಕ್ಕೂ ಇಬ್ಬರು. ಕಾರ್ನ್‌ವಾಲ್ ಪ್ರಾಂತವೊಂದರಿಂದಲೇ ೪೪ ಮಂದಿ. ಆದರೆ ಕೈಗಾರಿಕೆಯಿಂದ ದಿನೇದಿನೇ ಬೆಳೆಯುತ್ತಿದ್ದ ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಲೀಡ್ಸ್, ಷೆಫೀಲ್ಡ್ ನಗರಗಳು ತಮ್ಮ ಹೆಸರಿನಿಂದ ಒಬ್ಬನನ್ನೂ ಕಳುಹಿಸುವಂತಿರಲಿಲ್ಲ. ಜನರಿಲ್ಲದ ಊರಿಗೆ ಪ್ರತಿನಿಧಿಯುಂಟು, ಪ್ರತಿನಿಧಿಯಿಲ್ಲದ ಊರಿನಲ್ಲಿ ಜನರುಂಟು ಎಂಬಂತಾಯಿತು.

ಇಂತಹ ಕ್ಷೇತ್ರಗಳು ಹೊಲಮನೆಗಳಂತೆ ಕ್ರಯವಿಕ್ರಯಗಳಿಗೆ ಒಳಗಾದುವು. ಇದರಲ್ಲಿ ಭರತಖಂಡದ ಧನಕ್ಕೂ ಪಾತ್ರವುಂಟು. ಓಲ್ಡ್ ಸೇರಮ್ಮನ್ನು ಕೊಂಡುಕೊಂಡ ಥಾಮಸ್ ಪಿಟ್ಟನು ಭಾರತದ ವ್ಯಾಪಾರದಲ್ಲಿ ಐಶ್ವರ್ಯವನ್ನು ಗಳಿಸಿದವನು, ಅನಂತರ ಮದರಾಸಿನ ಗವರ್ನರನಾಗಿದ್ದವನು. ಅವನ ಮೊಮ್ಮಗನಾದ ಹಿರಿಯ ವಿಲಿಯಮ್ ಪಿಟ್ಟನು ೧೭೩೫ರಲ್ಲಿ ಆ ದಿಬ್ಬದ ಪ್ರತಿನಿಧಿಯಾಗಿಯೇ ಸಭೆಯನ್ನು ಪ್ರವೇಶಿಸಿದನು. ಆಂಗ್ಲರು ‘ಕರ್ನಾಟಿಕ್’ ಎಂದು ಕರೆಯುತ್ತಿದ್ದ ಸೀಮೆಯ ಒಡೆಯನಾದ ಆರ್ಕಾಟಿನ ನವಾಬನಿಗೆ ಸಾಲಕೊಟ್ಟು ಧನಿಕನಾದ ಪಾಲ್ ಬೆನ್‌ಫೀಲ್ಡನು ೧೭೮೦ರಲ್ಲಿ ಕ್ರಿಕ್ಲೇಡ್ ಕ್ಷೇತ್ರದಿಂದ ಸಭಾಸದನಾದನು. ಆ ಕ್ಷೇತ್ರದಲ್ಲಿ ಲಂಚವು ಎಷ್ಟು ಬೇರೂರಿದ್ದಿತೆಂದರೆ, ಸುತ್ತಣ ಗ್ರಾಮಗಳ ಭೂಸ್ವಾಮಿಗಳಿಗೂ ಅಲ್ಲಿ ಮತಾಧಿಕಾರವನ್ನು ಕೊಟ್ಟು ಅದನ್ನು ವಿಸ್ತರಿಸಲು ೧೭೮೨ರಲ್ಲಿ ಪ್ರತ್ಯೇಕ ಶಾಸನವೇ ಬೇಕಾಯಿತು. ದಕ್ಷಿಣದ ರೈತರಿಂದ ಸುಲಿದ ಹಣವು ಕಡಲನ್ನು ದಾಟಿ, ಅವರನ್ನಾಳುವ ಕಂಪೆನಿಯನ್ನು ವಿಚಾರಿಸಬೇಕಾದ ಸಭೆಯಲ್ಲಿಯೇ ಪೀಠಗಳನ್ನು ಸಂಪಾದಿಸಿತೆಂಬುದು ಇಲ್ಲಿ ಗಮನಾರ್ಹವು.

ಈ ವ್ಯವಸ್ಥೆಯ ಸಮರ್ಥಕರಿಗೂ ಒಂದು ಸಿದ್ಧಾಂತವಿದ್ದಿತು. ಅದನ್ನು ‘ಆರೋಪಿತ ಪ್ರಾತಿನಿಧ್ಯ’ವೆನ್ನಬಹುದು. ಸಭಾಸದನು ತನ್ನನ್ನು ಆರಿಸಿದ ಊರಿಗೆ ಮಾತ್ರವಲ್ಲದೆ ಸಮಸ್ತ ರಾಜ್ಯಕ್ಕೂ ಸೇರಿದವನು. ಒಂದು ಬಂದರಿನ ಸಭಾಸದನು ಎಲ್ಲ ವರ್ತಕರ ಹಿತವನ್ನೂ ಬಲ್ಲನು. ಆದುದರಿಂದ ಮತವಿಲ್ಲದವನೂ ಪ್ರತಿನಿಧಿಯಿಲ್ಲದವನಲ್ಲ ಎಂಬುದು ಇದರ ತಾತ್ಪರ್ಯ. ೧೭೬೫ರ ಸ್ಟಾಂಪು ತೆರಿಗೆಯ ಸಂದರ್ಭದಲ್ಲಿ ಇದೇ ಯುಕ್ತಿಯನ್ನು ಅಮೆರಿಕದ ವಸಾಹತುಗಳ ಮೇಲೆ ಪ್ರಯೋಗಿಸಿದರು. ವಸಾಹತಿನವರು ಅದನ್ನು ಒಪ್ಪಲಿಲ್ಲ. ಅವರು ಕೊಟ್ಟ ಉತ್ತರವನ್ನು ಕೇಳಿದ ಇಂಗ್ಲೆಂಡಿನ ಜನರಲ್ಲಿಯೂ, ಬಾಸ್ಟನ್ನಿಗೆ ಸಲ್ಲದ ಯುಕ್ತಿಯು ಮ್ಯಾಂಚೆಸ್ಟರಿಗೆ ಹೇಗೆ ಸಲ್ಲುವುದೆಂಬ ಶಂಕೆಯು ಹುಟ್ಟಿತು.

ಶಂಕೆಯನ್ನು ಬೀದಿಗೆ ತಂದವನು ಜಾನ್ ವಿಲ್ಕ್ಸ್. ೧೭೬೮ರಲ್ಲಿ ಮಿಡ್ಲ್‌ಸೆಕ್ಸ್ ಕೌಂಟಿಯಿಂದ ಆಯ್ಕೆಯಾದ ಇವನನ್ನು ಸಭೆಯು ಮರುವರ್ಷ ಬಹಿಷ್ಕರಿಸಿತು. ಮತದಾರರು ಅವನನ್ನೇ ಪುನಃಪುನಃ ಆರಿಸಿದರು. ೧೭೬೯ರ ಏಪ್ರಿಲಿನ ಚುನಾವಣೆಯಲ್ಲಿ ಅವನಿಗೆ ೧,೧೪೩ ಮತಗಳೂ ಎದುರಾಳಿಯಾದ ಹೆನ್ರಿ ಲಟ್ರೆಲ್ಲನಿಗೆ ೨೯೬ ಮತಗಳೂ ಬಂದುವು. ಸಭೆಯು ಲಟ್ರೆಲ್ಲನೇ ಗೆದ್ದನೆಂದು ಸಾರಿತು. ವಿಲ್ಕ್ಸನ ಶೀಲದ ವಿಷಯದಲ್ಲಿ ಆಕ್ಷೇಪಗಳೇನೇ ಇರಲಿ, ಪ್ರತಿನಿಧಿಯನ್ನು ನಿಯಮಿಸುವವರು ಮತದಾರರೋ, ಪ್ರತಿನಿಧಿಗಳ ಸಭೆಯೋ ಎಂಬ ಪ್ರಶ್ನೆಯು ಇದರಿಂದ ಸಾಮಾನ್ಯರಿಗೂ ಸ್ಪಷ್ಟವಾಯಿತು. ೧೭೭೬ರ ಮಾರ್ಚಿಯಲ್ಲಿ ಇದೇ ವಿಲ್ಕ್ಸನು ಪ್ರಾತಿನಿಧ್ಯದ ಸಂಸ್ಕರಣವನ್ನು ಕುರಿತು ಸಭೆಯಲ್ಲಿ ಸೂಚನೆಯನ್ನು ಮಂಡಿಸಿದನು. ಅದು ಮತಗಣನೆಯಿಲ್ಲದೆಯೇ ಬಿದ್ದುಹೋಯಿತು.

ಅದೇ ವರ್ಷ ಮೇಜರ್ ಜಾನ್ ಕಾರ್ಟ್‌ರೈಟನು ಪ್ರಕಟಿಸಿದ ಪುಸ್ತಿಕೆಯು ವಿವಾದದ ಮೂಲವನ್ನೇ ಹಿಡಿಯಿತು. ಮತಾಧಿಕಾರವು ಭೂಮಿಗೆ ಅಂಟಿದುದಲ್ಲ, ಪುರುಷನಿಗೆ ಸೇರಿದುದು. ಹೊಲವಿಲ್ಲದವನಿಗೂ ಪ್ರಾಣವುಂಟು, ಸ್ವಾತಂತ್ರ್ಯವುಂಟು, ಕುಟುಂಬವುಂಟು. ಅವನೂ ಶಾಸನಗಳಿಗೆ ಬದ್ಧನು ಎಂಬುದು ಅವನ ವಾದ. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಫಲವನ್ನು ಅನುಭವಿಸುವವನೇ ಸ್ವಾಮಿ. ಶಾಸನದ ಫಲವು ಬಡವನಿಗೂ ತಟ್ಟುವುದರಿಂದ ಅವನೂ ಸ್ವಾಮಿಗಳಲ್ಲಿ ಒಬ್ಬನು.

ಆದರೆ ೧೭೭೯ರಲ್ಲಿ ಎದ್ದ ಚಳವಳಿಯು ಇಷ್ಟು ದೂರ ಹೋಗಲಿಲ್ಲ. ಅಮೆರಿಕದ ಯುದ್ಧದಿಂದ ತೆರಿಗೆಗಳು ಏರಿದ್ದುವು. ರಾಜನ ಮಂತ್ರಿಗಳು ನಿರರ್ಥಕ ಉದ್ಯೋಗಗಳನ್ನೂ ವೇತನಗಳನ್ನೂ ಹಂಚಿ ಸಭಾಸದರನ್ನು ಒಲಿಸಿಕೊಳ್ಳುತ್ತಿದ್ದರು. ಆ ವರ್ಷದ ಡಿಸೆಂಬರ್ ೩೦ರಂದು ಯಾರ್ಕ್ ನಗರದಲ್ಲಿ, ಪಾದ್ರಿಯೂ ಭೂಸ್ವಾಮಿಯೂ ಆದ ಕ್ರಿಸ್ಟೊಫರ್ ವೈವಿಲನ ಮುಂದಾಳುತನದಲ್ಲಿ ಮಹಾಸಭೆಯು ಸೇರಿತು. ಅಲ್ಲಿ ಹುಟ್ಟಿದ ಸಂಘವು ಸಹಸ್ರಾರು ಭೂಮಾಲಿಕರ ಹಸ್ತಾಕ್ಷರಗಳಿಂದ ಕೂಡಿದ ಮನವಿಯನ್ನು ಕಳುಹಿಸಿತು. ಬೇರೆ ಕೌಂಟಿಗಳೂ ಅದನ್ನು ಅನುಸರಿಸಿದುವು. ವ್ಯಯಸಂಕೋಚ, ಪಾರ್ಲಿಮೆಂಟಿನ ಅವಧಿಯ ಹ್ರಾಸ, ಕೌಂಟಿಗಳಿಗೆ ನೂರು ಹೆಚ್ಚು ಸ್ಥಾನಗಳು, ಇವು ವೈವಿಲನ ಬೇಡಿಕೆಗಳು. ಕೌಂಟಿಯ ಭೂಮಾಲಿಕನು ಲಂಚಕ್ಕೆ ಬಗ್ಗದವನೆಂಬುದು ಅವನ ನಂಬಿಕೆ. ೧೭೮೦ರ ಏಪ್ರಿಲ್ ೬ರಂದು ಜಾನ್ ಡನ್ನಿಂಗನು ರಾಜಪ್ರಭಾವವು ಹೆಚ್ಚಿದೆಯೆಂದೂ ಅದನ್ನು ತಗ್ಗಿಸಬೇಕೆಂದೂ ತಂದ ನಿರ್ಣಯವನ್ನು ಸಭೆಯು ೨೩೩ಕ್ಕೆ ೨೧೫ ಮತಗಳಿಂದ ಅಂಗೀಕರಿಸಿತು.

ಇದೇ ವರ್ಷ ವೆಸ್ಟ್‌ಮಿನ್‌ಸ್ಟರಿನ ಉಪಸಮಿತಿಯೊಂದು ಆರು ಅಂಶಗಳನ್ನು ಪ್ರತಿಪಾದಿಸಿತು: ವಯಸ್ಸಿಗೆ ಬಂದ ಪುರುಷರೆಲ್ಲರಿಗೂ ಮತ, ವರ್ಷಕ್ಕೊಂದು ಪಾರ್ಲಿಮೆಂಟು, ಸಮಾನ ಕ್ಷೇತ್ರಗಳು, ಗುಪ್ತಮತದಾನ, ಸಭಾಸದರಿಗೆ ವೇತನ, ಸಭಾಸದತ್ವಕ್ಕೆ ಆಸ್ತಿಯ ನಿಬಂಧನೆಯ ರದ್ದು. ಕಾರ್ಟ್‌ರೈಟನೂ ಅವನ ಮಿತ್ರರೂ ಸ್ಥಾಪಿಸಿದ ರಾಜ್ಯಾಂಗಪ್ರಚಾರ ಸಂಘವು ಈ ವಿಷಯದ ಪುಸ್ತಿಕೆಗಳನ್ನು ಬಿಟ್ಟಿಯಾಗಿ ಹಂಚತೊಡಗಿತು. ರಿಚ್ಮಂಡಿನ ಡ್ಯೂಕನು ಜೂನ್ ೩ರಂದು ಲಾರ್ಡ್ಸ್ ಸಭೆಯಲ್ಲಿ ಸಾರ್ವತ್ರಿಕ ಪುರುಷ ಮತಾಧಿಕಾರದ ಮಸೂದೆಯನ್ನು ಮಂಡಿಸಿದನು; ಆದರೆ ಅದರ ಹಿಂದಿನ ದಿನವೇ ಲಂಡನ್ನಿನಲ್ಲಿ ಕ್ಯಾಥೊಲಿಕ್ ವಿರೋಧದ ಗಾರ್ಡನ್ ದೊಂಬಿಯು ಆರಂಭವಾಗಿದ್ದಿತು. ಜನಸಮೂಹದ ಹೆಸರೇ ಭಯಾನಕವಾದ ಆ ವಾರದಲ್ಲಿ ಅವನ ಮಾತು ಯಾರ ಕಿವಿಗೂ ಏರಲಿಲ್ಲ.

ಚಳವಳಿಯ ಫಲವು ೧೭೮೨ರಲ್ಲಿ ಆಂಶಿಕವಾಗಿ ಕೈಗೂಡಿತು. ಸರಕಾರದ ಗುತ್ತಿಗೆದಾರರು ಸಭಾಸದರಾಗುವುದನ್ನೂ, ಸುಂಕದ ಅಧಿಕಾರಿಗಳು ಮತ ಕೊಡುವುದನ್ನೂ ನಿಷೇಧಿಸಿದರು. ಎಡ್ಮಂಡ್ ಬರ್ಕನ ಶಾಸನವು ಅನೇಕ ನಿರರ್ಥಕ ಉದ್ಯೋಗಗಳನ್ನು ತೆಗೆದುಹಾಕಿತು. ಆದರೆ ಬರ್ಕನು ಪ್ರಾತಿನಿಧ್ಯದ ವ್ಯವಸ್ಥೆಯನ್ನು ಮುಟ್ಟಗೊಡಿಸಲಿಲ್ಲ. ಕಾಲದಿಂದ ಸ್ಥಿರಪಟ್ಟ ರಾಜ್ಯಾಂಗವನ್ನು ತರ್ಕದಿಂದ ಅಳೆಯಬಾರದೆಂಬುದು ಅವನ ಮತ. ಕಿರಿಯ ವಿಲಿಯಮ್ ಪಿಟ್ಟನು ಮೂರು ಸಾರಿ ಪ್ರಯತ್ನಿಸಿದನು: ೧೭೮೨ರಲ್ಲಿ ೧೬೧ಕ್ಕೆ ೧೪೧, ೧೭೮೩ರಲ್ಲಿ ೨೯೩ಕ್ಕೆ ೧೪೯ ಮತಗಳಿಂದ ಸೋತನು. ಪ್ರಧಾನಮಂತ್ರಿಯಾದ ಮೇಲೆ ೧೭೮೫ರ ಏಪ್ರಿಲಿನಲ್ಲಿ, ಮೂವತ್ತಾರು ಹಾಳು ಕ್ಷೇತ್ರಗಳಿಗೆ ಹತ್ತು ಲಕ್ಷ ಪೌಂಡುಗಳಷ್ಟು ಪರಿಹಾರವನ್ನು ಕೊಟ್ಟು, ಅವುಗಳ ಎಪ್ಪತ್ತೆರಡು ಸ್ಥಾನಗಳನ್ನು ಕೌಂಟಿಗಳಿಗೂ ಲಂಡನ್ ಮುಂತಾದೆಡೆಗಳಿಗೂ ಹಂಚುವ ಯೋಜನೆಯನ್ನು ತಂದನು. ಅದೂ ೨೪೮ಕ್ಕೆ ೧೭೪ ಮತಗಳಿಂದ ಬಿದ್ದಿತು. ಪರಿಹಾರದ ಮಾತಿನಲ್ಲಿಯೇ ಒಂದು ಒಪ್ಪಿಗೆಯಿದೆಯೆಂಬುದನ್ನು ವಾಚಕರು ಗಮನಿಸಬೇಕು: ಜನರ ಪ್ರಾತಿನಿಧ್ಯವು ಖಾಸಗಿಯವರ ಸ್ವತ್ತಾಗಿರುವುದನ್ನು ಸಂಸ್ಕಾರಕನೇ ಅಂಗೀಕರಿಸಿದಂತಾಯಿತು.

ಫ್ರಾನ್ಸಿನ ಕ್ರಾಂತಿಯಾದ ಬಳಿಕ ಚಳವಳಿಯು ಕೆಳಗಿನ ವರ್ಗಗಳಿಗೆ ಇಳಿಯಿತು. ೧೭೯೨ರ ಜನವರಿಯಲ್ಲಿ ಥಾಮಸ್ ಹಾರ್ಡಿ ಎಂಬ ಪಾದರಕ್ಷೆ ಹೊಲಿಯುವವನು ಹತ್ತಕ್ಕೂ ಕಡಿಮೆ ಮಂದಿಯನ್ನು ಕೂಡಿಸಿ ಲಂಡನ್ ಪತ್ರವ್ಯವಹಾರ ಸಂಘವನ್ನು ಆರಂಭಿಸಿದನು. ವಾರಕ್ಕೆ ಒಂದು ಪೆನ್ನಿ ಚಂದಾ. ಸದಸ್ಯರ ಸಂಖ್ಯೆಗೆ ಮಿತಿಯಿಲ್ಲವೆಂಬುದು ಅದರ ಮೊದಲ ನಿಯಮ. ಷೆಫೀಲ್ಡಿನ ಕುಶಲಕರ್ಮಿಗಳು ಇದಕ್ಕೂ ಮುಂಚೆಯೇ ಸಂಘ ಕಟ್ಟಿದ್ದರು. ಅದೇ ವರ್ಷ ಚಾರ್ಲ್ಸ್ ಗ್ರೇ ಮೊದಲಾದ ಕುಲೀನರು ಜನಮಿತ್ರರ ಸಂಘವನ್ನು ಸ್ಥಾಪಿಸಿದರು. ಈ ಸಂಘವು ೧೭೯೩ರಲ್ಲಿ ಸಭೆಗೊಪ್ಪಿಸಿದ ಮನವಿಯಲ್ಲಿ, ಕೇವಲ ೧೫೪ ವ್ಯಕ್ತಿಗಳು ೩೦೭ ಸಭಾಸದರನ್ನು, ಎಂದರೆ ಸಭೆಯ ಅರ್ಧಕ್ಕೂ ಹೆಚ್ಚು ಮಂದಿಯನ್ನು, ಕಳುಹಿಸುವರೆಂದು ತೋರಿಸಿತು. ಗ್ರೇಯ ಸೂಚನೆಯು ೨೮೨ಕ್ಕೆ ೪೧ ಮತಗಳಿಂದ ತಿರಸ್ಕೃತವಾಯಿತು. ಬಿರುಗಾಳಿಯ ಋತುವಿನಲ್ಲಿ ಮನೆಯನ್ನು ದುರಸ್ತು ಮಾಡಲಾಗದೆಂದು ವಿಂಡ್‌ಹ್ಯಾಮನು ೧೭೯೦ರಲ್ಲಿ ಹೇಳಿದ ಮಾತೇ ಬಹುಜನರ ಮನೋಭಾವವಾಗಿದ್ದಿತು. ಆದರೆ ಗಾಳಿಯಿಲ್ಲದ ೧೭೮೫ರಲ್ಲಿಯೂ ದುರಸ್ತು ನಡೆದಿರಲಿಲ್ಲ.

ಬಳಿಕ ದಮನವು ಆರಂಭವಾಯಿತು. ಸ್ಕಾಟ್ಲೆಂಡಿನ ನ್ಯಾಯವಾದಿ ಥಾಮಸ್ ಮ್ಯೂರನಿಗೆ ೧೭೯೩ರಲ್ಲಿ ಹದಿನಾಲ್ಕು ವರ್ಷಗಳ ದ್ವೀಪಾಂತರ ಶಿಕ್ಷೆಯಾಯಿತು. ೧೭೯೪ರಲ್ಲಿ ಹಾರ್ಡಿ, ಹಾರ್ನ್ ಟೂಕ್, ಥೆಲ್ವಾಲ್ ಇವರ ಮೇಲೆ ರಾಜದ್ರೋಹದ ಆರೋಪವನ್ನು ಹೊರಿಸಿದರು. ಥಾಮಸ್ ಅರ್ಸ್ಕಿನನ ವಾದವನ್ನು ಕೇಳಿದ ಪಂಚರು ಮೂವರನ್ನೂ ನಿರ್ದೋಷಿಗಳೆಂದು ಬಿಟ್ಟರು. ಆದರೂ ೧೭೯೫ರ ಎರಡು ಶಾಸನಗಳು ಸಭೆ ಸೇರುವುದನ್ನೇ ದುಸ್ತರವಾಗಿ ಮಾಡಿದುವು. ೧೭೯೯ರಲ್ಲಿ ಹಾರ್ಡಿಯ ಸಂಘವನ್ನು ಹೆಸರಿಸಿಯೇ ನಿಷೇಧಿಸಿದರು. ಇದೆಲ್ಲ ನಡೆದುದು ಒಂದು ಕಾಲದಲ್ಲಿ ಸಂಸ್ಕಾರಕನೇ ಆಗಿದ್ದ ಪಿಟ್ಟನ ಆಡಳಿತದಲ್ಲಿ.

ಪ್ರಯತ್ನಗಳ ವೈಫಲ್ಯಕ್ಕೆ ದಮನವೊಂದೇ ಕಾರಣವಲ್ಲ. ಪೀಠಗಳ ಒಡೆಯರ ಒಪ್ಪಿಗೆಯಿಲ್ಲದೆ ಪೀಠಗಳು ಕದಲುವಂತಿರಲಿಲ್ಲ. ಸಂಸ್ಕಾರಕರಲ್ಲಿಯೂ ಸ್ವಾಮಿಯು ಯಾರೆಂಬ ವಿಷಯದಲ್ಲಿ ಏಕಮತವಿರಲಿಲ್ಲ. ವೈವಿಲನಿಗೆ ಸ್ವಾಮಿಯು ಭೂಮಾಲಿಕ, ಕಾರ್ಟ್‌ರೈಟನಿಗೆ ಪುರುಷಮಾತ್ರ. ಸ್ತ್ರೀಯರನ್ನು ಇಬ್ಬರೂ ಎಣಿಸಲಿಲ್ಲ. ೧೭೯೨ರಲ್ಲಿ ಮೇರಿ ವುಲ್‌ಸ್ಟನ್‌ಕ್ರಾಫ್ಟಳು ಸ್ತ್ರೀಯರಿಗೂ ಪ್ರತಿನಿಧಿಗಳಿರಬೇಕೆಂಬ ಸೂಚನೆಯನ್ನು, ಜನರು ನಗಬಹುದೆಂದು ತಿಳಿದೇ, ಮುಂದಿಟ್ಟಳು. ಮತದಾರನಾದ ಪತಿಯು ಪತ್ನಿಗೂ ಸೇರಿದವನೆಂಬ ಮಾತು ಆರೋಪಿತ ಪ್ರಾತಿನಿಧ್ಯದ ಕೊನೆಯ ಆಶ್ರಯವಾಗಿದ್ದಿತು.

ಬಿತ್ತಿದ ಬೀಜವು ತಡವಾಗಿ ಮೊಳೆಯಿತು. ೧೮೩೨ರಲ್ಲಿ ಪ್ರಧಾನಿಯಾಗಿದ್ದ ಅದೇ ಗ್ರೇಯು ೫೬ ಕ್ಷೇತ್ರಗಳನ್ನು ಪೂರ್ಣವಾಗಿ ರದ್ದುಗೊಳಿಸಿ, ಮ್ಯಾಂಚೆಸ್ಟರ್ ಮೊದಲಾದ ನಗರಗಳಿಗೆ ಸ್ಥಾನಗಳನ್ನು ಕೊಡಿಸಿದನು. ವೆಸ್ಟ್‌ಮಿನ್‌ಸ್ಟರಿನ ಆರು ಅಂಶಗಳು ೧೮೩೮ರ ಜನತಾ ಸನ್ನದಿನಲ್ಲಿ ಮತ್ತೆ ಕಾಣಿಸಿಕೊಂಡುವು. ಗುಪ್ತಮತದಾನವು ೧೮೭೨ರಲ್ಲಿಯೂ ವೇತನವು ೧೯೧೧ರಲ್ಲಿಯೂ ಕೈಗೂಡಿದುವು. ಸ್ತ್ರೀಯರಿಗೆ ೧೯೧೮ರಲ್ಲಿ ಪರಿಮಿತವಾಗಿಯೂ ೧೯೨೮ರಲ್ಲಿ ಪುರುಷರಿಗೆ ಸಮನಾಗಿಯೂ ಮತಾಧಿಕಾರವು ದೊರೆಯಿತು. ಆರರಲ್ಲಿ ವಾರ್ಷಿಕ ಪಾರ್ಲಿಮೆಂಟೊಂದು ಮಾತ್ರ ನಡೆಯದೆ ಉಳಿಯಿತು.

ಇಷ್ಟರಿಂದ ಶಬ್ದವಿಚಾರಕ್ಕೆ ದೊರೆಯುವ ನಿರ್ಣಯವಿದು. ಯಾಗದಲ್ಲಿ ನೀವಾರವು ವ್ರೀಹಿಯ ಸ್ಥಾನದಲ್ಲಿ ನಿಲ್ಲುವುದು ಯಜಮಾನನ ಸಂಕಲ್ಪದಿಂದ. ತಾನಾಗಿ ಬಂದು ನಿಂತ ಧಾನ್ಯವು ಪ್ರತಿನಿಧಿಯಾಗದು. ಹಾಗೆಯೇ, ಸ್ವಾಮಿಯ ಸಂಕಲ್ಪವಿಲ್ಲದೆ ಸಭೆಯಲ್ಲಿ ಕುಳಿತವನು ಎಷ್ಟೇ ಪ್ರಾಜ್ಞನಾಗಿರಲಿ, ಹಿತಚಿಂತಕನೆನಿಸಬಲ್ಲನೇ ಹೊರತು ಪ್ರತಿನಿಧಿಯೆನಿಸಲಾರನು. ಹಾರ್ಡಿಯ ಸಂಗಡಿಗರು ವಾರಕ್ಕೊಂದು ಪೆನ್ನಿಯನ್ನು ಕೊಟ್ಟು ಎತ್ತಿಹಿಡಿದ ಅರ್ಥವು ಇದೇ.