ಐರ್ಲೆಂಡಿನ ಊರುಗಳೂ ಅವುಗಳ ಕಾಗುಣಿತವೂ

ಐರ್ಲೆಂಡಿನ ದಕ್ಷಿಣ ತೀರದಲ್ಲಿ ಕೋವ್ ಎಂಬ ರೇವುಪಟ್ಟಣವಿದೆ. 1849ರಲ್ಲಿ ವಿಕ್ಟೋರಿಯಾ ರಾಣಿ ಅಲ್ಲಿ ಬಂದಿಳಿದ ನೆನಪಿಗೆಂದು ಅದನ್ನು ಕ್ವೀನ್ಸ್‌ಟೌನ್ ಎಂದು ಕರೆದರು. ಸ್ವಾತಂತ್ರ್ಯದ ಹೋರಾಟ ನಡೆದಿದ್ದ 1920ರಲ್ಲಿ ಊರವರು ಆ ಹೆಸರನ್ನು ಕಿತ್ತೊಗೆದು ಹಳೆಯದನ್ನೇ ಮರಳಿ ತಂದರು. ಆದರೆ ಐರಿಷ್ ಭಾಷೆಯ ರೀತಿಯಲ್ಲಿ ಸಿ, ಓ, ಬಿ, ಹೆಚ್ ಎಂದು ಬರೆದರು. ಆ ಭಾಷೆಯಲ್ಲಿ ಬಿ, ಹೆಚ್ ಕೂಡಿದರೆ ವಕಾರದ ಉಚ್ಚಾರ. ವಿನೋದವೆಂದರೆ, ಆ ಶಬ್ದಕ್ಕೆ ಐರಿಷಿನಲ್ಲಿ ಅರ್ಥವೇ ಇಲ್ಲ. ಪುಟ್ಟ ಕೊಲ್ಲಿ ಎಂಬರ್ಥದ ಇಂಗ್ಲಿಷ್ ಪದಕ್ಕೇ ಐರಿಷ್ ಅಂಗಿ ತೊಡಿಸಿದ್ದು ಅದು!

ಉಳಿದೆಡೆ ನಡೆದದ್ದೆಲ್ಲ ಇದರ ವಿಪರ್ಯಯ. ಕಂದಾಯದ ಅನುಕೂಲಕ್ಕಾಗಿ ಬ್ರಿಟಿಷ್ ಸರ್ಕಾರವು 1820ರ ದಶಕದಲ್ಲಿ ಇಡೀ ದ್ವೀಪದ ಮೋಜಣಿಯನ್ನು ಆರಂಭಿಸಿ, ಮೈಲಿಗೆ ಆರು ಅಂಗುಲದ ನಕ್ಷೆಗಳನ್ನು 1846ರೊಳಗೆ ಮುಗಿಸಿತು. ನಕ್ಷೆಗೆ ಹೆಸರು ಬೇಕು. ಹೆಸರಿಗೆ ಕಾಗುಣಿತ ಬೇಕು. ಈ ಕೆಲಸಕ್ಕೆ 1830ರಲ್ಲಿ ಸೇರಿದವರು ಜಾನ್ ಓ'ಡಾನವನ್ ಎಂಬ ಐರಿಷ್ ಪಂಡಿತರು. ಅವರು ಹಳ್ಳಿಹಳ್ಳಿ ಅಲೆದು, ಐರಿಷ್ ಮಾತನಾಡುವ ವೃದ್ಧರ ಬಾಯಿಂದ ಹೆಸರುಗಳನ್ನು ಕೇಳಿ, ಮೂಲರೂಪವನ್ನು ನಿರ್ಣಯಿಸಿ, ಅದಕ್ಕೆ ಹತ್ತಿರವಾದ ಇಂಗ್ಲಿಷ್ ಕಾಗುಣಿತವನ್ನು ಸೂಚಿಸುತ್ತಿದ್ದರು. ಊರು ಎಂಬರ್ಥದ 'ಬಲ್ಯ' ಹೀಗೆ ನಕ್ಷೆಯಲ್ಲಿ 'ಬ್ಯಾಲಿ' ಎಂದು ನೆಲೆಗೊಂಡಿತು. (ನಮ್ಮಲ್ಲಿ ಊರು, ಹಳ್ಳಿಗಳು ಹೆಸರಿನ ಕೊನೆಗೆ ನಿಂತರೆ, ಅಲ್ಲಿ ಮೊದಲಿಗೇ ನಿಲ್ಲುತ್ತವೆ.)

ನಷ್ಟವಾದದ್ದು ಅರ್ಥ. ಐರಿಷಿನಲ್ಲಿ ಚರ್ಚಿಗೆ ಒಂದು ಪದ, ಕಾಡಿಗೆ ಇನ್ನೊಂದು; ಇಂಗ್ಲಿಷ್ ಬರವಣಿಗೆಯಲ್ಲಿ ಎರಡೂ 'ಕಿಲ್' ಆದವು. ಕಿಲ್ಡೇರ್ ಎಂದರೆ ಓಕ್ ಮರದ ಚರ್ಚು ಎಂಬುದು ನಿಶ್ಚಿತ. ಆದರೆ ಕಿಲ್‌ಮೋರ್ ಎಂಬ ಊರುಗಳಲ್ಲಿ ಹಿರಿಯ ಚರ್ಚು ಯಾವುದು, ಹೆಬ್ಬನ ಯಾವುದು ಎಂದು ಅಕ್ಷರ ನೋಡಿ ಹೇಳಲಾಗದು. ಮಡಿಕೇರಿಯು ಮರ್ಕಾರವಾದುದನ್ನು ಬಲ್ಲ ನಮಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಓ'ಡಾನವನ್ನರನ್ನು ದೂರಲು ನನ್ನ ಮನಸ್ಸು ಒಪ್ಪದು. ಇಂಗ್ಲಿಷ್ ರೂಪದ ಪಕ್ಕದಲ್ಲಿ ಐರಿಷ್ ರೂಪವನ್ನೂ ಅವರು ಮೋಜಣಿಯ ಹೆಸರು-ಪುಸ್ತಕಗಳಲ್ಲಿ ಬರೆದಿಟ್ಟರು. 1845ರಲ್ಲಿ ಮಹಾಕ್ಷಾಮ ತೊಡಗಿತು. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಮಂದಿ ದೇಶ ಬಿಟ್ಟರು. ಐರಿಷ್ ನುಡಿಯುವ ಬಡವರೇ ಅವರಲ್ಲಿ ಬಹಳ. ಆ ಮುದುಕರ ಉಚ್ಚಾರ ಅಷ್ಟು ಹೊತ್ತಿಗೆ ಪುಸ್ತಕ ಸೇರಿರದಿದ್ದರೆ ಎಷ್ಟೋ ಹೆಸರುಗಳ ಮೂಲ ಮಣ್ಣುಪಾಲಾಗುತ್ತಿತ್ತು. ಬ್ರಯನ್ ಫ್ರೀಲ್ ಅವರ 1980ರ 'ಟ್ರಾನ್ಸ್‌ಲೇಷನ್ಸ್' ನಾಟಕದ ವಸ್ತು ಈ ಮೋಜಣಿಯೇ.

ಮೂಲಕ್ಕೆ ಮರಳುವುದೂ ಸುಲಭವಲ್ಲ. ಡಿಂಗಲ್ ಎಂಬುದು ಪಶ್ಚಿಮ ತೀರದ ಊರು, ಐರಿಷ್ ಭಾಷೆಯ ಪ್ರದೇಶ. 2005ರಲ್ಲಿ ಸರ್ಕಾರಿ ಆಜ್ಞೆಯೊಂದು ಅಲ್ಲಿನ ಇಂಗ್ಲಿಷ್ ಹೆಸರುಗಳ ಮಾನ್ಯತೆ ಕಳೆದು, ಈ ಊರಿಗೆ 'ಅನ್ ದಂಗ್ಯನ್', ಅಂದರೆ 'ಕೋಟೆ', ಎಂಬುದೊಂದನ್ನೇ ಉಳಿಸಿತು. ಊರವರು ಕೆರಳಿದರು. ಪ್ರವಾಸಿಗರು ಹುಡುಕಿ ಬರುವುದು ಡಿಂಗಲ್ ಎಂಬ ಹೆಸರನ್ನು. ಮೇಲಾಗಿ ಅದೇ ಐರಿಷ್ ಹೆಸರಿನ ಬೇರೊಂದು ಪಟ್ಟಣ ಆಫಲಿ ಜಿಲ್ಲೆಯಲ್ಲಿದೆ. 2006ರ ಜನಮತದಲ್ಲಿ ಅವರು ಬಹುಮತದಿಂದ ಕೇಳಿದ್ದು ಎರಡು ಹೆಸರುಗಳನ್ನು: ಡಿಂಗಲ್, ಜೊತೆಗೆ ಹಿಂದಿನ ಪೂರ್ಣರೂಪವಾದ 'ದಂಗ್ಯನ್ ಈ ಖೂಶ್', ಎಂದರೆ ಓ ಕೂಶ್ ಮನೆತನದ ಕೋಟೆ. ಐದು ವರ್ಷ ಕಾದ ಮೇಲೆ, 2011ರಲ್ಲಿ, ಕಾನೂನು ಎರಡನ್ನೂ ಒಪ್ಪಿತು.